ನೈಸ್ ಅಂದರೆ ದಡ್ಡ ಅಲ್ಲ ಮಾರಾಯ್ರೇ!

"ನೈಸ್ ಪದದ ನಿಜವಾದ ಅರ್ಥ ದಡ್ಡ. ಯಾರಾದರೂ ನಿಮ್ಮನ್ನು ನೈಸ್ ಅಂದರೆ ಹಿಗ್ಗಬೇಡಿ!" ಮತ್ತೆ ಅದೇ ಪೋಸ್ಟರ್, ಮತ್ತೆ ರಾಶಿ ಲೈಕು. ನೋಡಿ ಮೈ ಉರಿದುಹೋಯಿತು.

ಪದದ ಬೇರಿನ ವಿಷಯ ಸರಿಯೇ. ಲ್ಯಾಟಿನ್ನಿನ 'ನೆಸ್ಕಿಯುಸ್', ಅಂದರೆ ತಿಳಿಯದವನು. 'ನೆ' ಅಂದರೆ ಇಲ್ಲ, 'ಸ್ಕೀರೆ' ಅಂದರೆ ತಿಳಿಯುವುದು. ಸೈನ್ಸ್ ಹುಟ್ಟಿದ್ದೂ ಇದೇ ಸ್ಕೀರೆಯಿಂದ. ಹಳೆಯ ಫ್ರೆಂಚ್ ದಾಟಿ 1300ರ ಸುಮಾರಿಗೆ ಇಂಗ್ಲಿಷಿಗೆ ಬಂದಾಗ ನೈಸ್ ಅಂದರೆ ಪೆದ್ದ. ಪೋಸ್ಟರ್ ಅಲ್ಲಿಗೇ ನಿಂತುಬಿಡುತ್ತೆ. ಪದ ಎಲ್ಲಿ ನಿಂತಿತು? ಪೆದ್ದ ಹೋಗಿ ಎಲ್ಲದಕ್ಕೂ ಮೂಗು ಮುರಿಯುವ ನಾಜೂಕಿನವನಾದ, 16ನೇ ಶತಮಾನದ ಹೊತ್ತಿಗೆ ಸೂಕ್ಷ್ಮ, ಕರಾರುವಾಕ್ಕು ಅನ್ನುವ ಅರ್ಥವೂ ಸೇರಿತು. 'ನೈಸ್ ಡಿಸ್ಟಿಂಕ್ಷನ್' (ಸೂಕ್ಷ್ಮ ವ್ಯತ್ಯಾಸ) ಅಂದಾಗ ಇವತ್ತಿಗೂ ಅದೇ ಅರ್ಥ. 1815ರಲ್ಲಿ ನೆಪೋಲಿಯನ್ ವಿರುದ್ಧ ವಾಟರ್ಲೂ ಯುದ್ಧ ಗೆದ್ದ ಮರುದಿನ ಬ್ರಿಟಿಷ್ ಸೇನಾಪತಿ ವೆಲ್ಲಿಂಗ್ಟನ್ ಅದನ್ನು 'ಡ್ಯಾಮ್ಡ್ ನೈಸ್ ಥಿಂಗ್' ಅಂದ. ಯುದ್ಧ ಸೊಗಸಾಗಿತ್ತು ಅಂತಲ್ಲ, ಕೂದಲೆಳೆಯಲ್ಲಿ ಗೆದ್ದೆವು ಅಂತ. 'ಹಿತವಾದ' ಅನ್ನುವ ಅರ್ಥ 18ನೇ ಶತಮಾನದ ಉತ್ತರಾರ್ಧದ್ದು. ಅದೂ ಹೊಸದೇನಲ್ಲ, ಇನ್ನೂರು ವರ್ಷ ದಾಟಿದೆ!

"ಡಿಕ್ಷನರಿಯಲ್ಲೇ ಮೊದಲ ಅರ್ಥ ಹಾಗಿದೆಯಲ್ಲ" ಅಂತ ವಾದಿಸುವವರಿದ್ದಾರೆ. ಎಡವುವುದೇ ಅಲ್ಲಿ. ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟು ಅರ್ಥಗಳನ್ನು ಜೋಡಿಸುವುದು ಹಳೆಯದರಿಂದ ಹೊಸದಕ್ಕೆ. ಮೊದಲಿಗೆ ಬಂದದ್ದು ಮುಖ್ಯ ಅರ್ಥ ಅಂತಲ್ಲ, ಅತಿ ಹಳೆಯದು ಅಂತ. ಪ್ರತಿ ಅರ್ಥದ ಕೆಳಗೆ ಇಸವಿ ಹಾಕಿದ ಉದಾಹರಣೆಗಳಿರುತ್ತವೆ. ಕೊನೆಯ ಉದಾಹರಣೆಯ ಇಸವಿ ನೋಡಿ. ಅರ್ಥದ ಪಕ್ಕ ಪುಟ್ಟ ಕಠಾರಿಯ ಗುರುತು (†) ಇದ್ದರೆ ಅದು ಬಳಕೆ ತಪ್ಪಿದ್ದು. ಇಷ್ಟು ನೋಡದೆ ಪೋಸ್ಟರ್ ಮಾಡುವುದು ಓದುಗರಿಗೆ ಮಾಡುವ ಅನ್ಯಾಯ.

ಬೇರಿನ ಅರ್ಥವೇ ನಿಜವಾದ ಅರ್ಥ ಅನ್ನುವುದಾದರೆ 'ಸಿಲ್ಲಿ' ಅಂದವರಿಗೆ ಕೈ ಮುಗಿಯಬೇಕು, ಅದರ ಹಳೆಯ ಅರ್ಥ ಧನ್ಯ, ಪುಣ್ಯವಂತ. ನಮ್ಮ 'ಸಾಹಸ'ವನ್ನೇ ತಗೊಳ್ಳಿ. ಧರ್ಮಶಾಸ್ತ್ರಗಳಲ್ಲಿ ಅದು ಬಲಾತ್ಕಾರದ ಅಪರಾಧ, ದಂಡನೆಗೆ ಗುರಿಯಾಗುವಂಥದ್ದು. ಹಾಗಂತ ವಿಷ್ಣುವರ್ಧನ್ ಅವರನ್ನು ಸಾಹಸಸಿಂಹ ಅಂದರೆ ಯಾರಾದರೂ ಬೈಗುಳ ಅಂದುಕೊಳ್ಳುತ್ತಾರಾ?

ಅಷ್ಟಕ್ಕೂ ನೈಸ್ ನಮ್ಮ ಬಾಯಲ್ಲಿ ಇನ್ನೂ ತಿರುಗುತ್ತಲೇ ಇದೆ. ಚಟ್ನಿ ನೈಸಾಗಿ ರುಬ್ಬು ಅಂದರೆ ತರಿ ಇರಬಾರದು. ನೈಸ್ ಮಾಡಿ ಕೆಲಸ ಮಾಡಿಸಿಕೊಂಡ ಅಂದರೆ ಪೂಸಿ ಹೊಡೆದ. ನೈಸಾಗಿ ಜಾರಿಕೊಂಡ ಅಂದರೆ ಯಾರಿಗೂ ಗೊತ್ತಾಗದ ಹಾಗೆ ಹೋದ. ಇದರಲ್ಲಿ ಯಾವುದನ್ನು ಅರ್ಥ ಮಾಡಿಕೊಳ್ಳಲು ನಮಗೆ ಲ್ಯಾಟಿನ್ ಬೇಕಾಯಿತು?