ಸಾಕ್ರಟೀಸನಿಗೆ ಹತ್ತಕ್ಕೆ ಮೂರು

ಅಮೆರಿಕದ ಹೈಸ್ಕೂಲುಗಳಲ್ಲಿ ಬ್ರಿಟಿಷ್ ಸಾಹಿತ್ಯದ ಕೋರ್ಸು ಸಾಮಾನ್ಯವಾಗಿ ಕೊನೇ ವರ್ಷಕ್ಕೆ ಬರುತ್ತದೆ. ಜೊತೆಗೆ ಗ್ರೀಕ್, ಲ್ಯಾಟಿನ್ ಕ್ಲಾಸಿಕ್ಕುಗಳನ್ನೂ ಸೇರಿಸಿದರೆ ಹೋಮರನಿಂದ ಡಿಕನ್ಸನವರೆಗೆ ಎರಡೂವರೆ ಸಾವಿರ ವರ್ಷದ ಸಾಮಾನು. ಅದನ್ನು 17 ವರ್ಷದ ಮಕ್ಕಳು ಬೇಸಿಗೆ ರಜೆ ಮುಗಿಯುತ್ತಿದ್ದ ಹಾಗೆ ತಲೆಗೆ ಏರಿಸಿಕೊಂಡು ಮುಂದಿನ ಬೇಸಿಗೆಯ ಹೊತ್ತಿಗೆ ಇಳಿಸಬೇಕು. ಆಸೆ ಒಳ್ಳೆಯದೇ, ಬೇಡ ಅನ್ನಲಿಕ್ಕೆ ನಾವ್ಯಾರು? ಆದರೆ ಮೊದಲ ದಿನ ಮಕ್ಕಳ ಕೈಗೆ ಬರುವುದು ಪುಸ್ತಕವಲ್ಲ, ಒಂದು ಕಾಗದ. ನಿಮ್ಮಿಂದ ನಾವು ಏನೇನು ನಿರೀಕ್ಷಿಸುತ್ತೇವೆ ಅನ್ನುವ ಕಾಗದ. ಕೆಳಗೆ ವಿದ್ಯಾರ್ಥಿಯ ಸಹಿ, ಅದರ ಕೆಳಗೆ ಅಪ್ಪನದೋ ಅಮ್ಮನದೋ ಸಹಿ.

ಇಂಥ ಕಾಗದಗಳನ್ನು ಹುಡುಕಿ ಓದುವುದು ನನಗೊಂದು ಚಟ. ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ. ಹಾಳೆಯ ಸುತ್ತ ಒಂದಿಂಚು ಜಾಗ ಬಿಡಬೇಕು. ಸಾಲುಗಳ ಮಧ್ಯೆ ಡಬಲ್ ಸ್ಪೇಸ್ ಇರಬೇಕು. ಹೆಸರು ಬರೆಯದ ಪೇಪರಿಗೆ ಸೊನ್ನೆ. ತಡವಾದರೆ ದಿನಕ್ಕಿಷ್ಟು ಅಂಕ ಕಟ್. ಫೋನು ಚೀಲದಲ್ಲಿ. ಪ್ರೌಢತೆ ಕಾಲೇಜು ಮಟ್ಟದ್ದಿರಬೇಕು. ಓದುವುದನ್ನು ಬಿಟ್ಟು ಮಿಕ್ಕಿದ್ದೆಲ್ಲದಕ್ಕೂ ಒಂದೊಂದು ನಿಯಮ ಇದೆ. ಓದಿಗೆ ಮಾತ್ರ ನಿಯಮವೂ ಇಲ್ಲ, ಟೈಮೂ ಇಲ್ಲ, ಅದು ಹೇಗೋ ತಾನಾಗಿ ಆಗಿಬಿಡುತ್ತದೆ ಅಂತ ಎಲ್ಲರೂ ಸೇರಿ ನಂಬಿಕೊಂಡಿದ್ದಾರೆ.

ಆ ಪ್ರೌಢತೆಯ ವಿಷಯವನ್ನೇ ತೆಗೆದುಕೊಳ್ಳಿ. 1400ರಲ್ಲಿ ತೀರಿಕೊಂಡ ಚಾಸರ್ ಮಹಾಶಯ ಕ್ಯಾಂಟರ್ಬರಿ ಯಾತ್ರಿಕರ ಬಾಯಲ್ಲಿ ಕಥೆಗಳನ್ನು ಹೇಳಿಸಿದ. ಅದರಲ್ಲಿ ಕುಡಿದ ಮತ್ತಿನಲ್ಲಿರುವ ಗಿರಣಿಯವನೊಬ್ಬ ಹೇಳುವ ಕಥೆ ಬಹಳ ಪೋಲಿ. ಕತ್ತಲಲ್ಲಿ ಒಬ್ಬ ಪ್ರೇಮಿ ಕಿಟಕಿಯ ಹತ್ತಿರ ಬಂದು ಮುತ್ತು ಕೇಳುತ್ತಾನೆ, ಒಳಗಿರುವ ಹೆಂಗಸು ಮುಖದ ಬದಲು ಇನ್ನೊಂದನ್ನು ಮುಂದೆ ಮಾಡುತ್ತಾಳೆ. ಅವನು ಸೇಡು ತೀರಿಸಿಕೊಳ್ಳಲು ಕಾದ ಕಬ್ಬಿಣ ಹಿಡಿದು ವಾಪಸ್ ಬಂದರೆ, ಈ ಸಲ ಅವಳ ಪ್ರಿಯಕರ ಅದೇ ಕಿಟಕಿಯಿಂದ ಗುಡುಗಿನಂಥ ಹೂಸು ಬಿಡುತ್ತಾನೆ. 600 ವರ್ಷ ದಾಟಿದರೂ ಹದಿಹರೆಯದವರನ್ನು ಪಕ್ಕೆ ಹಿಡಿದು ನಗಿಸುವ ಕಥೆ ಈ ಇಡೀ ಕೋರ್ಸಿನಲ್ಲಿ ಅದೊಂದೇ ಇರಬೇಕು. ಶಾಲೆಯ ಪಠ್ಯಪುಸ್ತಕದಲ್ಲಿ ಸಾಮಾನ್ಯವಾಗಿ ಅದೇ ಇರುವುದಿಲ್ಲ! ಅದರ ಬದಲು ಮೂವರು ಕುಡುಕರು ಚಿನ್ನಕ್ಕಾಗಿ ಒಬ್ಬರನ್ನೊಬ್ಬರು ಇರಿದು, ವಿಷ ಹಾಕಿ ಕೊಲ್ಲುವ ಕಥೆ ಇರುತ್ತದೆ. ಕೊಲೆ ಪರವಾಗಿಲ್ಲ, ಮಕ್ಕಳು ತಡೆದುಕೊಳ್ಳುತ್ತಾರೆ. ಹೂಸು ಆಗುವುದಿಲ್ಲ. ಮ್ಯಾಕ್‌ಬೆತ್ ಬಾಡಿಗೆ ಕೊಲೆಗಾರರನ್ನು ಕಳಿಸಿ ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳನ್ನು ಕೊಲ್ಲಿಸುವುದು ಸಿಲಬಸ್ಸಿನಲ್ಲಿದೆ. ಈಡಿಪಸ್ ಅಪ್ಪನನ್ನು ಕೊಂದು, ಅಮ್ಮನನ್ನೇ ಮದುವೆಯಾಗಿ, ಕೊನೆಗೆ ಅವಳ ಬಟ್ಟೆಯ ಪಿನ್ನಿನಿಂದ ತನ್ನ ಕಣ್ಣು ಚುಚ್ಚಿಕೊಳ್ಳುವುದಂತೂ ಕಡ್ಡಾಯ ಓದು, ಯಾಕಂದರೆ ಅದು ಗ್ರೀಕರದ್ದು.

ಈ ಕತ್ತರಿ ಇವತ್ತಿನದಲ್ಲ. ಇಂಗ್ಲೆಂಡಿನ ಬೌಡ್ಲರ್ ಮನೆಯವರು 1807ರಲ್ಲಿ ಶೇಕ್ಸ್‌ಪಿಯರನ 20 ನಾಟಕಗಳನ್ನು ತೊಳೆದು, ಹಿಂಡಿ, ಮನೆಮಂದಿಯೆಲ್ಲ ಕೂತು ಓದುವ ಹಾಗೆ ಮಾಡಿ ಅಚ್ಚು ಹಾಕಿಸಿದರು. ಕತ್ತರಿ ಆಡಿಸಿದವಳು ಹೆನ್ರಿಯೆಟಾ ಅನ್ನುವ ಹೆಂಗಸು. ಪುಸ್ತಕದ ಮೇಲೆ ಅವಳ ಹೆಸರಿಲ್ಲ. ಪೋಲಿ ಮಾತನ್ನು ತೆಗೆಯಬೇಕೆಂದರೆ ಅದು ಪೋಲಿ ಅಂತ ಮೊದಲು ಗೊತ್ತಾಗಬೇಕಲ್ವಾ, ಮರ್ಯಾದಸ್ಥ ಹೆಂಗಸಿಗೆ ಅದು ಹೇಗೆ ಗೊತ್ತಾಯಿತು ಅಂತ ಜನ ಕೇಳಿದರೆ?

ಇನ್ನು ಟಿಪ್ಪಣಿಗೆ ಬರೋಣ. ಪುಟಕ್ಕೆ ಕನಿಷ್ಠ ಮೂರು ಟಿಪ್ಪಣಿ ಮಾಡಬೇಕು ಅನ್ನುವುದು ನನಗೆ ಬಹಳ ಇಷ್ಟವಾದ ನಿಯಮ. ಹಳದಿ ಹೈಲೈಟರ್ ರೂಪಕಕ್ಕೆ, ನೀಲಿ ಪಾತ್ರಕ್ಕೆ, ಗುಲಾಬಿ ಆಶಯಕ್ಕೆ. ಅದೇ ಕಾಗದದ ಎರಡನೇ ಪುಟದಲ್ಲಿ, ಪುಸ್ತಕ ಶಾಲೆಯ ಆಸ್ತಿ, ಗೀಚಿದರೆ ದಂಡ ಅಂತಲೂ ಇರುತ್ತದೆ. ಹಾಗಾಗಿ ಅಂಟುಚೀಟಿ. ರಾತ್ರಿ ಹನ್ನೊಂದು ಗಂಟೆ, ನಾಳೆ ಬೆಳಿಗ್ಗೆ ಟಿಪ್ಪಣಿ ಚೆಕ್ ಆಗುತ್ತದೆ, ಹುಡುಗನ ಮುಂದೆ ಮ್ಯಾಕ್‌ಬೆತ್ ಇದೆ, ಓದಿಲ್ಲ. ಓದುವ ಉದ್ದೇಶವೂ ಈಗ ಇಲ್ಲ, ಟೈಮಿಲ್ಲ ಪಾಪ. ಪುಟದ ಮೇಲೆ ಕಣ್ಣಾಡಿಸುತ್ತಾನೆ. ರಕ್ತ ಅಂತ ಕಂಡಲ್ಲಿ ಹಳದಿ ಚೀಟಿ ಅಂಟಿಸಿ ‘ಸಂಕೇತ!’ ಅಂತ ಬರೆಯುತ್ತಾನೆ. ಆಶ್ಚರ್ಯಸೂಚಕ ಮರೆಯುವುದಿಲ್ಲ, ಅದು ಆಸಕ್ತಿಯ ಗುರುತು. ಇನ್ನೊಂದು ಚೀಟಿಯಲ್ಲಿ ‘ಯಾಕೆ ಹೀಗೆ?’ ಮೂರನೆಯದರಲ್ಲಿ ‘ಮುಂದೆ ಆಗುವುದರ ಸೂಚನೆ’. ಮುಂದೆ ಏನಾಗುತ್ತದೆ ಅಂತ ಅವನಿಗೆ ಗೊತ್ತಿಲ್ಲ, ಆದರೆ ಏನಾದರೂ ಆಗಲೇಬೇಕಲ್ಲ, ಇನ್ನೂ ಅಷ್ಟು ಪುಟ ಇದೆ. ನಾಟಕದ ಒಂದು ಅಂಕ ಮುಗಿದು ಅರ್ಧ ಖಾಲಿ ಬಿಟ್ಟ ಪುಟಕ್ಕೂ ಮೂರು ಚೀಟಿ, ನಿಯಮ ಅಂದರೆ ನಿಯಮ. ಬೆಳಿಗ್ಗೆ ಟೀಚರ್ ಬಂದು ಹೆಬ್ಬೆರಳಿನಿಂದ ಪುಟಗಳನ್ನು ಸರ್ರಂತ ಹಾರಿಸಿ, ಬಣ್ಣ ಬಣ್ಣದ ಬಾಲಗಳನ್ನು ನೋಡಿ, ಫುಲ್ ಮಾರ್ಕ್ಸ್ ಹಾಕುತ್ತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ, ನೂರಕ್ಕೂ ಜಾಸ್ತಿ ಪುಸ್ತಕ ಹಾಗೆ ಹಾರಿಸಬೇಕು. ಪಕ್ಕದ ಡೆಸ್ಕಿನ ಹುಡುಗಿ ರಾತ್ರಿಯಿಡೀ ನಿಜವಾಗಿ ಓದಿ, ಕೊನೆಗೆ ಗಾಬರಿಯಾಗಿ ಒಂದು ಚೀಟಿಯನ್ನೂ ಅಂಟಿಸದೆ ಬಂದಿದ್ದಾಳೆ. ಅವಳಿಗೆ ಸೊನ್ನೆ.

ಗೈಡ್ ಓದಬಾರದು ಅಂತಲೂ ಒಂದು ಸಾಲು ಇರುತ್ತದೆ, ದಪ್ಪ ಅಕ್ಷರದಲ್ಲಿ. ಕ್ಲಿಫ್ಸ್‌ನೋಟ್ಸ್ ಅನ್ನುವ ಗೈಡುಗಳ ಮಾಲೆ 1958ರಲ್ಲಿ ನೆಬ್ರಾಸ್ಕಾದಲ್ಲಿ ಶೇಕ್ಸ್‌ಪಿಯರನ 16 ನಾಟಕಗಳ ಗೈಡಿನೊಂದಿಗೆ ಶುರುವಾದದ್ದು. ಬೈಗುಳ ತಿನ್ನುತ್ತಲೇ ಬೆಳೆಯಿತು, ಈಗ ಇಂಟರ್‌ನೆಟ್ಟಿನಲ್ಲಿ ಅದರ ತಮ್ಮಂದಿರು ತಂಗಿಯರು ಲೆಕ್ಕವಿಲ್ಲದಷ್ಟು. ಬೆಳೆಯದೆ ಏನು ಮಾಡೀತು? ಗೈಡಿನಲ್ಲಿ ಯಾವುದಕ್ಕೆ ಉತ್ತರ ಇದೆಯೋ ಪರೀಕ್ಷೆಯಲ್ಲಿ ಅದನ್ನೇ ಕೇಳುತ್ತಾರೆ. ಹೋಮರನ ಒಡಿಸ್ಸಿ ಕಾವ್ಯದಲ್ಲಿ ಅತಿಥಿ ಸತ್ಕಾರದ ಮಹತ್ವ ಏನು? ಗೈಡ್ ಓದಿದವನು ಹತ್ತು ನಿಮಿಷದಲ್ಲಿ ಬರೆದು ಪೆನ್ನು ಮುಚ್ಚುತ್ತಾನೆ. 12,000ಕ್ಕೂ ಜಾಸ್ತಿ ಸಾಲು ಪೂರ್ತಿ ಓದಿದವಳು ಮಾತ್ರ 22ನೇ ಕಾಂಡದಲ್ಲೇ ಸಿಕ್ಕಿಹಾಕಿಕೊಂಡಿದ್ದಾಳೆ. ಅಲ್ಲಿ ಒಡಿಸ್ಸಿಯಸ್ ಮನೆಗೆ ಬಂದು, ಹೆಂಡತಿಯ ಹಿಂದೆ ಬಿದ್ದವರನ್ನೆಲ್ಲ ಕೊಂದ ಮೇಲೆ, ಅವರ ಜೊತೆ ಮಲಗಿದ ತಪ್ಪಿಗೆ 12 ಜನ ದಾಸಿಯರನ್ನು ಮಗನ ಕೈಯಲ್ಲಿ ಸಾಲಾಗಿ ನೇಣು ಹಾಕಿಸುತ್ತಾನೆ. ಅದಕ್ಕೂ ಮೊದಲು ರಕ್ತವಾದ ಹಜಾರವನ್ನು ಅವರ ಕೈಯಲ್ಲೇ ತೊಳೆಸುತ್ತಾನೆ. ಈ ಮನುಷ್ಯ ನಾಯಕ ಹೇಗಾದ ಅಂತ ಅವಳಿಗೆ ಕೇಳಬೇಕಾಗಿದೆ. ಅದು ಪ್ರಶ್ನೆಪತ್ರಿಕೆಯಲ್ಲಿಲ್ಲ. ಮಗಳೇ, ಸುಮ್ನೆ ಅತಿಥಿ ಸತ್ಕಾರದ ಬಗ್ಗೆ ಬರಿ.

ಕೇಳಬೇಕು ಅನ್ನಿಸಿದ್ದನ್ನು ಕೇಳಲಿಕ್ಕೆ ಅಂತಲೇ ಸಾಕ್ರಟಿಕ್ ಸೆಮಿನಾರ್ ಇದೆಯಲ್ಲ ಅಂತ ನೀವು ಹೇಳಬಹುದು. ಇದೆ. ಕುರ್ಚಿಗಳನ್ನು ಎರಡು ಸುತ್ತು ಹಾಕುತ್ತಾರೆ. ಒಳಗಿನ ಸುತ್ತಿನವರು ಮಾತಾಡಬೇಕು, ಹೊರಗಿನ ಸುತ್ತಿನವರು ಮಾತಾಡುವವರ ಮೇಲೆ ಟಿಪ್ಪಣಿ ಮಾಡಬೇಕು. ಪ್ರತಿಯೊಬ್ಬರೂ ಕನಿಷ್ಠ ಎರಡು ಸಲ ಬಾಯಿ ತೆರೆಯಬೇಕು, ಒಂದು ಸಲ ಪುಟದ ಸಂಖ್ಯೆ ಹೇಳಿ ಪಠ್ಯದಿಂದ ಸಾಲು ಓದಬೇಕು, ಒಂದು ಸಲ ಪಕ್ಕದವನ ಮಾತನ್ನು ಒಪ್ಪಿ ಮುಂದುವರಿಸಬೇಕು. ಟೀಚರ್ ಮೂಲೆಯಲ್ಲಿ ಕೂತು ಗೆರೆ ಎಳೆಯುತ್ತಾ ಹೋಗುತ್ತಾರೆ. ಪಾಯಿಂಟ್ ಸಿಗುವವರೆಗೆ ಎಲ್ಲರೂ ಅರಳು ಹುರಿದ ಹಾಗೆ ಮಾತಾಡುತ್ತಾರೆ, ಸಿಕ್ಕ ಮೇಲೆ ಗಪ್‌ಚಿಪ್.

ಈ ಸುತ್ತಿನಲ್ಲಿ ಖುದ್ದು ಸಾಕ್ರಟೀಸ್ ಕೂತಿದ್ದರೆ? ಅವನು ಒಂದಕ್ಷರ ಬರೆದವನಲ್ಲ, ಟಿಪ್ಪಣಿಗೆ ಸೊನ್ನೆ. ಪುಟ ಸಂಖ್ಯೆ ಹೇಳಿದವನಲ್ಲ, ಆಧಾರಕ್ಕೂ ಸೊನ್ನೆ. ತನಗೇನೂ ಗೊತ್ತಿಲ್ಲ ಅನ್ನುತ್ತಾ ಪಕ್ಕದವನನ್ನು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ ಅವನ ನೆತ್ತಿಗೆ ಪಿತ್ತ ಏರಿಸುತ್ತಿದ್ದ, ಸೌಜನ್ಯದಲ್ಲೂ ಕಟ್. ಹಾಜರಾತಿಗೆ ಅಂತ ಹತ್ತಕ್ಕೆ ಮೂರು ಕೊಡಬಹುದು. ಅಥೆನ್ಸಿನವರು ಕ್ರಿಸ್ತಪೂರ್ವ 399ರಲ್ಲಿ ಅವನಿಗೆ ವಿಷ ಕುಡಿಸಿದರು. ಆರೋಪಗಳಲ್ಲಿ ಒಂದು, ಹುಡುಗರನ್ನು ಕೆಡಿಸುತ್ತಾನೆ ಅನ್ನುವುದು. ಮೊದಲ ದಿನವೇ ಅಪ್ಪ ಅಮ್ಮಂದಿರ ಸಹಿ ತೆಗೆದುಕೊಂಡಿದ್ದರೆ ಬಚಾವಾಗುತ್ತಿದ್ದನೋ ಏನೋ.

ಮಿಕ್ಕವರ ಗತಿಯೂ ಅಷ್ಟೇ. ಬ್ರೂಕ್ ಅನ್ನುವವನು 1562ರಲ್ಲಿ ಪದ್ಯ ಮಾಡಿದ್ದ ಕಥೆಯನ್ನೇ ಎತ್ತಿಕೊಂಡು ರೋಮಿಯೊ ಜೂಲಿಯೆಟ್ ಬರೆದ ಶೇಕ್ಸ್‌ಪಿಯರನನ್ನು ನಕಲು ಹಿಡಿಯುವ ಸಾಫ್ಟ್‌ವೇರು ಬಿಡುತ್ತಿರಲಿಲ್ಲ. ಪೋರ್ಲಾಕ್ ಅನ್ನುವ ಊರಿನಿಂದ ಯಾರೋ ಬಂದು ಮಾತಿಗೆ ಕೂತರು, ಮಿಕ್ಕ ಸಾಲು ಮರೆತುಹೋಯಿತು ಅಂತ ಕವಿ ಕೋಲ್‌ರಿಜ್ 1816ರಲ್ಲಿ ‘ಕುಬ್ಲಾ ಖಾನ್’ ಅನ್ನುವ ಅರ್ಧ ಪದ್ಯದ ಜೊತೆ ಸಬೂಬನ್ನೂ ಅಚ್ಚು ಹಾಕಿಸಿದ. ಡಾಕ್ಟರ ಚೀಟಿ ಇತ್ತಾ? ಇನ್ನು ಮೇರಿ ಶೆಲ್ಲಿ, ಫ್ರಾಂಕನ್‌ಸ್ಟೈನ್ ಶುರು ಮಾಡಿದಾಗ ಅವಳಿಗೆ 18, ಈ ಕ್ಲಾಸಿನ ಮಕ್ಕಳದೇ ವಯಸ್ಸು. 1818ರಲ್ಲಿ ಪುಸ್ತಕ ಬಂತು, ಮೇಲೆ ಹೆಸರಿಲ್ಲ. ಹೆಸರು ಬರೆಯದ ಪೇಪರಿಗೆ ಏನು ಅಂತ ಆಗಲೇ ಹೇಳಿದೆನಲ್ಲ.

ಇದೆಲ್ಲ ಕೊನೆಗೆ ಬಂದು ನಿಲ್ಲುವುದು ಇಂಗ್ಲಿಷ್ ಸಾಹಿತ್ಯದ ಎಪಿ ಪರೀಕ್ಷೆಯಲ್ಲಿ, ಅಂದರೆ ಹೈಸ್ಕೂಲಿನಲ್ಲೇ ಬರೆದು ಕಾಲೇಜಿನ ಕ್ರೆಡಿಟ್ ಗಿಟ್ಟಿಸುವ ಪರೀಕ್ಷೆ. ಒಂದು ಗಂಟೆಯಲ್ಲಿ 55 ಬಹುಆಯ್ಕೆ ಪ್ರಶ್ನೆ, ಆಮೇಲೆ ಎರಡು ಗಂಟೆಯಲ್ಲಿ ಮೂರು ಪ್ರಬಂಧ. ಒಂದು ಪ್ರಬಂಧಕ್ಕೆ 40 ನಿಮಿಷ, ಕುರುಡಾದ ಮೇಲೆ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯವನ್ನು ಹೇಳಿ ಬರೆಸುತ್ತಾ ಮಿಲ್ಟನ್ ವರ್ಷಗಟ್ಟಲೆ ಕೂತದ್ದನ್ನು ನೆನೆದರೆ ನಗು ಬರುತ್ತದೆ. ಪ್ರಬಂಧಕ್ಕೆ ಒಟ್ಟು 6 ಅಂಕ. ವಾದ ಏನು ಅಂತ ಒಂದು ವಾಕ್ಯದಲ್ಲಿ ಹೇಳಿದರೆ 1. ಆಧಾರ, ವಿವರಣೆಗೆ 4. ಉಳಿದ 1 ಅಂಕ ಯಾವುದಕ್ಕೆ ಗೊತ್ತಾ? ಸೊಫಿಸ್ಟಿಕೇಶನ್ನಿಗೆ, ಅಂದರೆ ಯೋಚನೆಯ ಪಕ್ವತೆಗೆ. ಅದು ಇದ್ದರೆ 1, ಇಲ್ಲದಿದ್ದರೆ 0, ಅರ್ಧ ಕೊಡುವ ಪದ್ಧತಿ ಇಲ್ಲ. ಆ ಒಂದು ಅಂಕ ಹೊಡೆಯುವುದು ಹೇಗೆ ಅಂತ ಹೇಳಿಕೊಡುವ ವಿಡಿಯೊಗಳು ಬೇಕಾದಷ್ಟಿವೆ, ನೋಡುವಾಗ ಬೇಕಿದ್ದರೆ ಎರಡು ಪಟ್ಟು ವೇಗದಲ್ಲಿ ಓಡಿಸಬಹುದು.