ದೇವರ ಮನೆಯಲ್ಲಿ ಸ್ವಿಸ್ ವಾಚು

ಆರಿದ್ರಾ ಮಳೆ ಹಿಡಿದ ಮೂರನೇ ದಿನ ಅಕ್ಕನ ಮಗ ಬೆಂಗಳೂರಿನಿಂದ ತೀರ್ಥಹಳ್ಳಿಗೆ ಬಂದಿಳಿದ. ಬಂದವನೇ ಜೋಗ ನೋಡಬೇಕು ಅಂತ ಕುಣಿದ. ಹೊರಡುವ ಮೊದಲು ಕೈಯಲ್ಲಿದ್ದ ವಾಚು ಬಿಚ್ಚಿ, ಹಸುಗೂಸನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದ.

"ಮಾವ, ಜೋಪಾನ. ಇದು ಮಳೆಗೆ ಆಗಲ್ಲ."

"ಮಳೆಗೆ ಆಗದ ವಾಚು ಕಟ್ಕೊಂಡು ಈ ತಿಂಗಳಲ್ಲಿ ಮಲೆನಾಡಿಗೆ ಯಾಕೆ ಬಂದೆ ಮಾರಾಯ?"

ಅದಕ್ಕೆ ಉತ್ತರ ಬರಲಿಲ್ಲ, ಪಥ್ಯದ ಪಟ್ಟಿ ಬಂತು. ನೀರು ತಾಗಬಾರದು. ಕೈಜಾರಿ ಬೀಳಬಾರದು. ಫ್ರಿಜ್ಜು, ಮೊಬೈಲಿನ ಹತ್ತಿರ ಇಡಬಾರದು. ದಿನಾ ಬೆಳಿಗ್ಗೆ ತಪ್ಪದೆ ಕೀ ಕೊಡಬೇಕು. ನಮ್ಮ ಮನೆಯ ಬಾಣಂತಿಯರಿಗೂ ಇಷ್ಟು ಪಥ್ಯ ಇರಲಿಲ್ಲ. ರೇಡಿಯೋ ಹೆಸರನ್ನು ಮಾತ್ರ ಅವನು ಎತ್ತಲಿಲ್ಲ. ಇದನ್ನು ನನ್ನ ಪರವಾಗಿ ನೆನಪಿಟ್ಟುಕೊಳ್ಳಿ.

ಬೆಲೆ ಕೇಳಿದೆ. ಕಿವಿಯಲ್ಲಿ ಹೇಳಿದ. ನಮ್ಮ ತೋಟದ ಎರಡು ವರ್ಷದ ಅಡಿಕೆ ಕಣ್ಣ ಮುಂದೆ ಹಾದುಹೋಯಿತು. ಸ್ವಿಟ್ಜರ್ಲೆಂಡಿನಲ್ಲಿ ಯಾವ ಕಂಪನಿಗೂ ಸೇರದೆ, ತನ್ನ ಪಾಡಿಗೆ ತಾನು ಕೂತು ವರ್ಷಕ್ಕೆ ಬೆರಳೆಣಿಕೆಯಷ್ಟು ವಾಚು ಮಾಡುವ ಒಬ್ಬಾತ ಮಾಡಿದ್ದಂತೆ. ದುಡ್ಡು ಕೊಟ್ಟು ಮೂರು ವರ್ಷ ಕಾಯಬೇಕಂತೆ.

"ಇದೇನು ಮಹಾ, ಮಾವ" ಅಂತ ಅವನೇ ನನ್ನನ್ನು ಸಮಾಧಾನ ಮಾಡಿದ. ಫಿಲಿಪ್ ಡುಫೋರ್ ಅಂತ ಇದ್ದಾರಂತೆ, ಆ ದೇಶದ ಜೂ ಕಣಿವೆಯಲ್ಲಿ, ಹಳೇ ಶಾಲೆಯ ಕಟ್ಟಡದಲ್ಲಿ ಕೂತು ಕೆಲಸ ಮಾಡುವ ಅಜ್ಜ. 2000ದಲ್ಲಿ 'ಸಿಂಪ್ಲಿಸಿಟಿ' ಅಂತ ಒಂದು ವಾಚು ತಂದರು. ಒಟ್ಟು ಮಾಡಿದ್ದೇ 200 ಚಿಲ್ಲರೆ. ಅದರ ಇಪ್ಪತ್ತನೇ ವರ್ಷದ ನೆನಪಿಗೆ ಮಾಡಿದ ಒಂದು ವಾಚು 2020ರಲ್ಲಿ ಜಿನೀವಾದ ಹರಾಜಿನಲ್ಲಿ 13 ಲಕ್ಷ 61 ಸಾವಿರ ಫ್ರಾಂಕಿಗೆ ಹೋಯಿತು. ಆಗಿನ ನಮ್ಮ ಲೆಕ್ಕದಲ್ಲಿ ಸುಮಾರು 11 ಕೋಟಿ. ಒಳಗಿನ ಒಂದೊಂದು ತುಂಡಿನ ಅಂಚನ್ನೂ ಕೈಯಲ್ಲೇ ಉಜ್ಜುತ್ತಾರೆ. ಜೆನ್ಷನ್ ಅನ್ನೋ ಗುಡ್ಡದ ಗಿಡದ ಒಣ ಕಡ್ಡಿಯಿಂದ ಹೊಳಪು ಬರಿಸುತ್ತಾರೆ.

"ಹನ್ನೊಂದು ಕೋಟಿಗೆ ಏನೇನು ತೋರಿಸುತ್ತೆ?"

"ಗಂಟೆ, ನಿಮಿಷ, ಸೆಕೆಂಡು."

"ತಾರೀಖು?" ಅಂದಳು ಅಮ್ಮ, ಹಪ್ಪಳದ ಡಬ್ಬಿ ಮುಚ್ಚುತ್ತಾ.

"ಇಲ್ಲ ಅಜ್ಜಿ."

"ಹಾಗಾದ್ರೆ ಏಕಾದಶಿ ಯಾವತ್ತು ಅಂತ ಗೊತ್ತಾಗೋದು ಹೆಂಗೆ?"

ಅವನು ಜೋಗಕ್ಕೆ ಹೋದ. ಮರುದಿನವೇ ಗಾಳಿಗೆ ಮರ ಬಿದ್ದು ಕರೆಂಟು ಹೋಯಿತು. ಇಲ್ಲಿ ಕರೆಂಟು ಹೋದರೆ ನೆಂಟರ ಹಾಗೆ, ಬರುವ ದಿನ ಹೇಳಿ ಹೋಗುವುದಿಲ್ಲ. ಮೊಬೈಲು ಸತ್ತಿತು. ಗೋಡೆ ಗಡಿಯಾರದ ಸೆಲ್ಲು ಥಂಡಿಗೆ ನೀರೊಡೆದಿತ್ತು. ಇಡೀ ಮನೆಯಲ್ಲಿ ಹೊತ್ತು ಹೇಳಲು ಉಳಿದದ್ದು ಅದೊಂದೇ.

ವಾಚಿನ ಯಜಮಾನಿಕೆ ಸಹಜವಾಗಿ ಅಮ್ಮನಿಗೆ ಹೋಯಿತು. ಅಪ್ಪನ ಎಚ್‌ಎಂಟಿ ಜನತಾಕ್ಕೆ ಮೂವತ್ತು ವರ್ಷ ಕೀ ಕೊಟ್ಟ ಬೆರಳು ಅವಳದು. ಅಪ್ಪನಿಗೆ ಕಟ್ಟುವುದಷ್ಟೇ ಗೊತ್ತಿತ್ತು. ಅಳಿಯ ನನಗೆ ಎಷ್ಟು ಸುತ್ತು, ಯಾವ ಕಡೆಗೆ ಅಂತ ಚೀಟಿ ಬರೆದುಕೊಟ್ಟಿದ್ದ. ಅಮ್ಮ ಚೀಟಿ ನೋಡಲಿಲ್ಲ. "ಅದೇ ಸಾಕು ಅನ್ನುತ್ತೆ, ಆಗ ಬಿಡೋದು" ಅಂದಳು. ಹಾಗೆ ನೋಡಿದರೆ ಡುಫೋರ್ ಅಜ್ಜನ ಸಿಂಪ್ಲಿಸಿಟಿಯೂ ಗಂಟೆಗೆ 18,000 ಸಲವೇ ಬಡಿಯುವುದು, ಅಪ್ಪನ ಜನತಾನೂ 18,000 ಸಲವೇ. ಎರಡಕ್ಕೂ ದಿನಾ ಒಬ್ಬರು ಹುಲ್ಲು ಹಾಕಬೇಕು, ಕೊಟ್ಟಿಗೆಯ ದನಕ್ಕೆ ಹಾಕಿದ ಹಾಗೆ.

ಎರಡನೇ ದಿನ ಬೆಲ್ಟಿಗೆ ಬೂಷ್ಟು ಬಂತು. ಆಶ್ಚರ್ಯ ಏನಿಲ್ಲ, ಆ ತಿಂಗಳಲ್ಲಿ ಸುಮ್ನೆ ಕೂತರೆ ನಮಗೇ ಬೂಷ್ಟು ಬರುತ್ತೆ. ಅಮ್ಮ ಮಡಿ ಸೀರೆಯ ಸೆರಗಿನಲ್ಲಿ ಒರೆಸಿ, ಎರಡು ಹನಿ ತೆಂಗಿನೆಣ್ಣೆ ಸವರಿ, ಮನೆಯಲ್ಲೇ ಬೆಚ್ಚಗಿನ ಜಾಗ ಅಂತ ದೇವರ ಮನೆಯಲ್ಲಿ, ನಂದಾದೀಪದ ಪಕ್ಕ ಇಟ್ಟಳು. ನೆಲ ಥಂಡಿ ಅಲ್ವಾ, ಅದಕ್ಕೇ ಅಲ್ಲೇ ಇದ್ದ ರೇಡಿಯೋದ ಮೇಲೆ. ಬೆಳಿಗ್ಗೆ ಭದ್ರಾವತಿ ಆಕಾಶವಾಣಿಯ ಭಕ್ತಿಗೀತೆ ಕೇಳುವ ರೇಡಿಯೋ ಅದು. ಸೆಲ್ಲು ಮುಗಿದು ವಾರವಾಗಿ, ಸದ್ಯಕ್ಕೆ ಮಣೆಯ ಕೆಲಸ ಮಾಡುತ್ತಿತ್ತು.

ಆಮೇಲೆ ಮನೆಯಲ್ಲಿ ಎಲ್ಲವೂ ಬೇಗ ಬೇಗ ಆಗತೊಡಗಿತು. ಕಾಫಿ ಬೇಗ. ಊಟದ ಎಲೆ ಬೇಗ. ಹಾಲು ಕರೆಯಲು ಹೋದರೆ ಹಸು ನನ್ನನ್ನು ಅನುಮಾನದಿಂದ ನೋಡಿತು. ಮಳೆಗಾಲದಲ್ಲಿ ಸೂರ್ಯನ ಸಾಕ್ಷಿಯೂ ಸಿಗುವುದಿಲ್ಲವಲ್ಲ, ನಾವು ವಾಚನ್ನೇ ನಂಬಿದೆವು. ಅಷ್ಟು ದುಡ್ಡಿನ ವಾಚನ್ನು ಬಿಟ್ಟು ಹಸುವನ್ನು ನಂಬುವುದುಂಟೇ?

ನಾಲ್ಕನೇ ದಿನ ಬ್ಯಾಂಕಿನ ಕೆಲಸಕ್ಕೆ ಶಿವಮೊಗ್ಗಕ್ಕೆ ಹೋಗಬೇಕಿತ್ತು. ವಾಚು ನಾನೇ ಕಟ್ಟಿಕೊಂಡೆ. ಹೊತ್ತು ತಿಳಿಯಲು ಅಂತ ಹೆಂಡತಿಗೆ ಹೇಳಿದೆ. ನಿಜ ಹೇಳಬೇಕೆಂದರೆ ಒಂದು ದಿನ ಕಟ್ಟುವ ಆಸೆ. ಅದರ ಮೇಲೆ ಪ್ಲಾಸ್ಟಿಕ್ ಕವರ್, ಕವರಿಗೆ ರಬ್ಬರ್ ಬ್ಯಾಂಡ್. ಏಳು ಗಂಟೆ ಬಸ್ಸಿಗೆ ಹತ್ತು ನಿಮಿಷ ಮೊದಲೇ ಹೋಗಿ ನಿಂತೆ. ಬಸ್ಸಿಲ್ಲ. ವಾಚಿನಲ್ಲಿ ಏಳೂವರೆ. ಬಸ್ಸಿಲ್ಲ. ಕಾಲಿಗೆ ಎರಡು ಉಂಬಳ ಹತ್ತಿ ಹೊಟ್ಟೆ ತುಂಬಿಸಿಕೊಂಡು ಇಳಿದೂ ಹೋದವು. ಕೊನೆಗೆ ಬಂದ ಡ್ರೈವರಿಗೆ, "ಏನ್ರೀ, ಒಂದು ಗಂಟೆ ಲೇಟಾ?" ಅಂತ ರೇಗಿದೆ. ಅವರು ತಮ್ಮ ಮೊಬೈಲು ತೋರಿಸಿದರು. ಏಳಕ್ಕೆ ಎರಡು ನಿಮಿಷ ಇತ್ತು. ಬಸ್ಸಿನವರೆಲ್ಲ ನನ್ನ ಕವರ್ ಕಟ್ಟಿದ ಕೈಯನ್ನೇ ನೋಡುತ್ತಿದ್ದರು.

ಬ್ಯಾಂಕು ಬಿಟ್ಟು ಗಾಂಧಿ ಬಜಾರಿಗೆ ಓಡಿದೆ. ಅಲ್ಲೊಂದು ಸಣ್ಣ ಅಂಗಡಿಯಲ್ಲಿ ವಯಸ್ಸಾದ ರಿಪೇರಿಯವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತಿದ್ದರು. ವಾಚು ಬಿಚ್ಚಲೇ ಇಲ್ಲ. ಪಕ್ಕದಲ್ಲಿ ಒಂದು ದಿಕ್ಸೂಚಿ ಇಟ್ಟರು. ಮುಳ್ಳು ಗಿರಕಿ ಹೊಡೆಯಿತು.

"ಎಲ್ಲಿಟ್ಟಿದ್ರಿ ಇದನ್ನ?"

"ದೇವರ ಮನೇಲಿ."

"ದೇವರು ಹಿಂಗೆ ಮಾಡಲ್ಲ. ಸ್ಪೀಕರ್ ಇದೆಯಾ ಅಲ್ಲಿ?"

ಸ್ಪೀಕರಿನ ಹಿಂದೆ ಅಯಸ್ಕಾಂತ ಇರುತ್ತೆ. ವಾಚಿನೊಳಗೆ ಕೂದಲಿನಷ್ಟು ತೆಳ್ಳಗಿನ ಸುರುಳಿ ಸ್ಪ್ರಿಂಗ್ ಇದೆಯಲ್ಲ, ಅದಕ್ಕೆ ಆ ಗುಣ ಹತ್ತಿದರೆ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸ್ಪ್ರಿಂಗ್ ಗಿಡ್ಡವಾದ ಹಾಗಾಗಿ ವಾಚು ಓಡತೊಡಗುತ್ತೆ. ಅವರು ತಂತಿ ಸುತ್ತಿದ ಒಂದು ಪೆಟ್ಟಿಗೆಯ ಮೇಲೆ ವಾಚು ಹಿಡಿದು, ಗುಂಡಿ ಒತ್ತಿ, ಮೆಲ್ಲಗೆ ದೂರಕ್ಕೆ ಎಳೆದರು. ಅಷ್ಟೇ. ಐವತ್ತು ರೂಪಾಯಿ. ಆಮೇಲೆ ಬೆಲ್ಟನ್ನು ಎರಡು ಬೆರಳಲ್ಲಿ ಎತ್ತಿ ಮೂಸಿ, "ಇದು ಹೋಗಿದೆ. ನೂರೈವತ್ತಕ್ಕೆ ಹೊಸದು ಹಾಕ್ಲಾ?" ಅಂದರು.

ಮಾರನೇ ದಿನ ಅಳಿಯ ಬಂದ. ಅಮ್ಮ ದೇವರ ಮನೆಯಿಂದಲೇ ವಾಚು ತಂದುಕೊಟ್ಟಳು, ಈ ಸಲ ರೇಡಿಯೋ ಮೇಲಿಂದಲ್ಲ, ಶಂಖದ ಪಕ್ಕದಿಂದ. ಅವನು ಟೈಮ್ ನೋಡಿದ, ಸರಿ ಇತ್ತು. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಅವನ ಮೂಗು ಅರಳಿತು.

"ಅಜ್ಜಿ, ಬೆಲ್ಟಿಗೆ ಏನು ಹಚ್ಚಿದ್ರಿ?"

"ತೆಂಗಿನೆಣ್ಣೆ. ದಿನಾ ಮಡೀಲೇ ಒರೆಸಿ ಇಟ್ಟಿದ್ದೆ. ಯಾಕೆ?"

"ಅಯ್ಯೋ, ಇದು ಒರಿಜಿನಲ್ ಮೊಸಳೆ ಚರ್ಮ ಅಜ್ಜಿ!"

ಅಮ್ಮ ಒಂದು ಕ್ಷಣ ಶಂಖದ ಕಡೆ ನೋಡಿದಳು. ಆಮೇಲೆ ನನ್ನ ಕಡೆ. ಮಾತಾಡದೆ ಎದ್ದು ಬಚ್ಚಲ ಮನೆಗೆ ಹೋದಳು. ಹಂಡೆಯಿಂದ ತಂಬಿಗೆ ತಂಬಿಗೆ ನೀರು ಸುರಿದುಕೊಳ್ಳುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.