ಐಕಾನುಗಳ ಸಂಸಾರ

ಭಾನುವಾರ ಮಧ್ಯಾಹ್ನ ಊಟ ಮುಗಿದು, ಮಾಡಲೇಬೇಕಾದ ಕೆಲಸಗಳೆಲ್ಲ ಎದುರಿಗೇ ಬಂದು ಕುಳಿತಿರುವ ಹೊತ್ತಿನಲ್ಲಿ, ಮೊಬೈಲಿನ ಪರದೆಯ ಮೇಲಿರುವ ಐಕಾನುಗಳನ್ನು ಓರಣವಾಗಿ ಜೋಡಿಸಿಡಬೇಕೆಂಬ ಬಯಕೆ ನನ್ನಲ್ಲಿ ತಡೆಯಲಾರದಂತೆ ಹುಟ್ಟುತ್ತದೆ. ಒಂದು ಐಕಾನನ್ನು ಒತ್ತಿ ಹಿಡಿದಾಗ ಅದು ತನ್ನ ಜಾಗದಿಂದ ಕಳಚಿಕೊಂಡು ಬೆರಳಿಗೆ ಅಂಟಿ ಬರುತ್ತದಲ್ಲ, ಆಗ ಚೌಕಾಬಾರದಲ್ಲಿ ಬಳೆಚೂರನ್ನು ಮನೆಯಿಂದ ಮನೆಗೆ ನಡೆಸುವ ಸುಖವೇ ಸಿಗುತ್ತದೆ. ಹೊಸದನ್ನು ತಂದು ನಿಲ್ಲಿಸಿದರೆ ಅಲ್ಲಿದ್ದುದು ತಾನಾಗಿ ಜರುಗಿ ಜಾಗ ಬಿಡುತ್ತದೆ. ನಮ್ಮ ಬಸ್ಸುಗಳ ಸೀಟಿನಲ್ಲಿ ಕಾಣಸಿಗದ ಸೌಜನ್ಯ ಇದು.

ಈ ಚಟ ಹತ್ತಿಸಿದ್ದು ಈಗಿನ ಫೋನಲ್ಲ. ಇಪ್ಪತ್ತು ವರ್ಷಗಳ ಹಿಂದೆ ಅಮೆರಿಕದಿಂದ ರಜೆಗೆ ಬಂದಿದ್ದ ಚಿಕ್ಕಪ್ಪನ ಮಗ, ತಾನು ಬಳಸಿ ಬಿಟ್ಟಿದ್ದ ಪಾಮ್ ಎಂಬ ಅಂಗೈಗಣಕವನ್ನು ನನ್ನ ಕೈಗಿಟ್ಟು ಹೋಗಿದ್ದ. 1996ರಲ್ಲಿ ಮೊದಲು ಮಾರುಕಟ್ಟೆಗೆ ಬಂದ ಆ ಜಾತಿಯ ಯಂತ್ರಗಳ ಪರದೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 160 ಚುಕ್ಕಿಗಳಿದ್ದವು. ಬಣ್ಣವೆಂದರೆ ಪಾಚಿಗಟ್ಟಿದ ಬೂದು ಅಷ್ಟೆ. ತಂತ್ರಾಂಶಗಳನ್ನು ಜೋಡಿಸಿಡಲು 15 ವರ್ಗಗಳವರೆಗೆ ಮಾಡಿಕೊಳ್ಳಬಹುದಿತ್ತು, ಯಾವುದಕ್ಕೂ ಸಲ್ಲದವು ‘ವಿಂಗಡಿಸದವು’ ಎಂಬ ಹದಿನಾರನೆಯ ವರ್ಗದಲ್ಲಿ ಬಿದ್ದಿರುತ್ತಿದ್ದವು. ಸರ್ಕಾರಿ ಲೆಕ್ಕಪತ್ರಗಳಲ್ಲಿ ‘ಇತರೆ’ ಎಂಬ ಬಾಬು ಹೇಗೆ ಎಲ್ಲಕ್ಕಿಂತ ದೊಡ್ಡದಾಗಿ ಬೆಳೆಯುತ್ತದೆಯೋ, ನನ್ನ ಯಂತ್ರದಲ್ಲಿಯೂ ಹಾಗೆಯೇ ಆಯಿತು.

ಬಂದ ಚಿತ್ರ ಹಿಡಿಸದವರಿಗಾಗಿ ಐಕಾನನ್ನೇ ತಿದ್ದುವ ಪುಟ್ಟ ತಂತ್ರಾಂಶಗಳೂ ಆ ಕಾಲಕ್ಕೆ ಇದ್ದವು. ದೊಡ್ಡ ಐಕಾನಿಗೆ 22ಕ್ಕೆ 22 ಚುಕ್ಕಿ, ಪಟ್ಟಿಯಲ್ಲಿ ಕಾಣುವ ಸಣ್ಣದಕ್ಕೆ ಬರೇ 15ಕ್ಕೆ 9. ಹಾಲಿನ ಲೆಕ್ಕ ಬರೆದಿಡುವ ಪುಟಕ್ಕೆ ಒಂದು ಲೋಟದ ಚಿತ್ರವನ್ನು ಬಿಡಿಸೋಣವೆಂದು ಕುಳಿತವನು, ದೊಡ್ಡದರಲ್ಲಿ ಹೇಗೋ ಗೆದ್ದು, ಸಣ್ಣದರಲ್ಲಿ ಸಿಕ್ಕಿಬಿದ್ದೆ. ಲೋಟದ ಕಂಠಕ್ಕೆ ಎರಡೂ ಬದಿಯಲ್ಲಿ ಒಂದೊಂದು ಚುಕ್ಕಿ ಹೆಚ್ಚು ಇಟ್ಟರೆ ಅದು ಬೋಗುಣಿಯಾಗುತ್ತಿತ್ತು, ತೆಗೆದರೆ ಗೂಟವಾಗುತ್ತಿತ್ತು. ಒಂಬತ್ತು ಸಾಲುಗಳಲ್ಲಿ ಕಂಠ, ಮೈ, ತಳ ಮೂರಕ್ಕೂ ಪಾಲು ಹಂಚಿದ ಮೇಲೆ ಹಾಲಿಗೆ ಜಾಗವೇ ಉಳಿಯಲಿಲ್ಲ. ಎರಡು ಗಂಟೆಗಳ ಆ ಶ್ರಮವನ್ನು ಹೆಂಡತಿಗೆ ತೋರಿಸಿದಾಗ ಅವಳು ಕನ್ನಡಕವನ್ನು ಹಣೆಯ ಮೇಲೇರಿಸಿ ದಿಟ್ಟಿಸಿ ನೋಡಿ, “ಏನ್ರೀ ಇದು, ಕೊಡೆ ತಲೆಕೆಳಗಾಗಿದೆಯಲ್ಲ?” ಎಂದಳು.

ಆ ಅವಮಾನದ ನಂತರವೇ ಸೂಸನ್ ಕೇರ್ ಎಂಬಾಕೆಯ ಮೇಲೆ ನನಗೆ ಭಕ್ತಿ ಹುಟ್ಟಿದ್ದು. 1984ರಲ್ಲಿ ಹೊರಬಂದ ಮ್ಯಾಕಿಂಟಾಷ್ ಗಣಕದ ನಗುವ ಮುಖ, ಬತ್ತಿ ಹೊತ್ತಿದ ಬಾಂಬು ಮೊದಲಾದವನ್ನೆಲ್ಲ ಆಕೆ ಮೊದಲು ಬಿಡಿಸಿದ್ದು ಗ್ರಾಫ್ ಹಾಳೆಯ ಮೇಲೆ, 32ಕ್ಕೆ 32 ಚೌಕಗಳಲ್ಲಿ. ಪ್ರತಿ ಚೌಕವೂ ಒಂದೋ ಕಪ್ಪು, ಇಲ್ಲವೇ ಬಿಳಿ. ಬಟ್ಟೆಯ ಎಳೆಗಳನ್ನು ಎಣಿಸಿಕೊಂಡು ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆಗಳನ್ನು ಮೂಡಿಸುವ ಧಾರವಾಡದ ಕಸೂತಿಯ ಹೆಂಗಸರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇರ್ ಅವರಿಗೆ ಸಿಕ್ಕಿದ್ದು ಒಟ್ಟು 1024 ಚೌಕಗಳು. ಇಂದು ಆಪಲ್‌ನ ಆಪ್ ಸ್ಟೋರಿಗೆ ಒಂದೇ ಒಂದು ಐಕಾನನ್ನು ಒಪ್ಪಿಸಬೇಕಾದರೂ ಚಿತ್ರದ ಒಂದೊಂದು ಬದಿಯೇ 1024 ಪಿಕ್ಸೆಲ್ ಇರಬೇಕು. ನನ್ನ ಹಳೆಯ ಯಂತ್ರದ ಇಡೀ ಪರದೆಯ ನಲವತ್ತು ಪಟ್ಟು ಚುಕ್ಕಿಗಳು ಆ ಒಂದು ಚಿತ್ರಕ್ಕೇ ಸಲ್ಲುತ್ತವೆ. ಇಷ್ಟು ಸಿರಿ ಕೂಡಿಬಂದ ಮೇಲೂ ಹೆಚ್ಚಿನವರು ಅದರಲ್ಲಿ ತಮ್ಮ ಕಂಪನಿಯ ಹೆಸರಿನ ಮೊದಲಕ್ಷರವನ್ನಷ್ಟೇ ಬರೆದು ಕೈತೊಳೆದುಕೊಳ್ಳುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಜೋಡಿಸುವ ಸ್ವಾತಂತ್ರ್ಯವೂ ಒಮ್ಮೆಲೇ ಬಂದದ್ದಲ್ಲ. 2007ರ ಮೊದಲ ಐಫೋನಿನಲ್ಲಿ ಐಕಾನುಗಳನ್ನು ಕದಲಿಸುವಂತೆಯೇ ಇರಲಿಲ್ಲ. ಒತ್ತಿ ಹಿಡಿದರೆ ಮೇಷ್ಟ್ರ ಬೆತ್ತ ಕಂಡ ಹುಡುಗರಂತೆ ಎಲ್ಲವೂ ಗಡಗಡ ನಡುಗುವ ಏರ್ಪಾಡು 2008ರ ಜನವರಿಯಲ್ಲಿ ಬಂತು. ಒಂದರ ಮೇಲೊಂದನ್ನು ಹೇರಿ ಫೋಲ್ಡರ್ ಮಾಡುವ ಸೌಲಭ್ಯ 2010ರದು. ಬೇಕಾದ ಕಡೆ ಖಾಲಿ ಜಾಗ ಬಿಡುವುದಕ್ಕೆ ಮಾತ್ರ ಅಲ್ಲಿಯವರು 2024ರವರೆಗೆ ಕಾಯಬೇಕಾಯಿತು. ಆಂಡ್ರಾಯ್ಡ್‌ನವರಾದ ನಮಗೆ ಮೊದಲಿನಿಂದಲೂ ಕೈ ಬಿಚ್ಚಿದ ಹಾಗೆ: ಪರದೆಯನ್ನೇ ಬದಲಿಸುವ ಲಾಂಚರುಗಳು, ಎಲ್ಲಕ್ಕೂ ಹೊಸ ವೇಷ ತೊಡಿಸುವ ಐಕಾನ್ ಪ್ಯಾಕುಗಳು. 2017ರಿಂದ ಈಚೆಗೆ ಇಲ್ಲಿಯ ಐಕಾನುಗಳನ್ನು ಬೇಕಾದುದಕ್ಕಿಂತ ದೊಡ್ಡದಾಗಿಯೇ ಬಿಡಿಸಿರುತ್ತಾರೆ. ಲಟ್ಟಿಸಿದ ಹಿಟ್ಟಿನ ಮೇಲೆ ಡಬ್ಬಿಯ ಮುಚ್ಚಳವನ್ನು ಒತ್ತಿ ಪೂರಿಯ ಆಕಾರ ತೆಗೆಯುವಂತೆ, ಫೋನು ತನಗೊಪ್ಪುವ ದುಂಡೋ ಚೌಕವೋ ಅದನ್ನು ಕತ್ತರಿಸಿಕೊಂಡು ಅಂಚನ್ನು ಮರೆಮಾಡುತ್ತದೆ.

ಇಂಥದೊಂದು ಪ್ಯಾಕನ್ನು ಹಾಕಿಕೊಂಡು ನಾನೊಮ್ಮೆ ನನ್ನ ಪರದೆಯನ್ನೆಲ್ಲ ತಿಳಿನೀಲಿ ಮಾಡಿಕೊಂಡೆ. ನೋಡುವುದಕ್ಕೆ ಒಂದೇ ಬಣ್ಣದ ಸಮವಸ್ತ್ರ ತೊಟ್ಟ ಶಾಲೆಯ ಪ್ರಾರ್ಥನೆಯ ಸಾಲಿನಂತೆ ಬಹಳ ಚೆಂದವಾಗಿತ್ತು. ಮರುದಿನ ತರಕಾರಿಯವಳ ಮುಂದೆ ನಿಂತು ಹಣ ಕಳಿಸಲು ಹೊರಟಾಗ, ಆ ಸಾಲಿನಲ್ಲಿ ನನ್ನ ಹುಡುಗನಾರೆಂದು ಗುರುತು ಹತ್ತದೆ, ಮೊದಲು ಕ್ಯಾಲ್ಕುಲೇಟರನ್ನೂ ಆಮೇಲೆ ಹವಾಮಾನವನ್ನೂ ತೆರೆದು, ಕಡೆಗೆ ಜೇಬಿನಲ್ಲಿದ್ದ ಚಿಲ್ಲರೆಯನ್ನೇ ಎಣಿಸಿ ಕೊಟ್ಟು ಬಂದೆ.

ಬುದ್ಧಿ ಬಂದಿದ್ದರೆ ಅಲ್ಲಿಗೇ ನಿಲ್ಲಬೇಕಿತ್ತು. ಆದರೆ ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮನ ಫೋನಿಗೂ ಕೈಹಾಕಿ, ‘ಮಾತು’, ‘ಹಣ’, ‘ಹಾಡು’ ಎಂದು ಮೂರು ಫೋಲ್ಡರುಗಳನ್ನು ಮಾಡಿಟ್ಟೆ. ಸಂಜೆಯ ಹೊತ್ತಿಗೆ ಅಮ್ಮ ಫೋನನ್ನು ಹಿಡಿದುಕೊಂಡು ಬಂದರು.

“ಮೂಲೆಯಲ್ಲಿ ಹಸಿರುದೊಂದು ಇತ್ತಲ್ಲಪ್ಪ, ಎಲ್ಲಿ ಹೋಯಿತು?”

“‘ಮಾತು’ ಅಂತ ಬರೆದಿದೆ ನೋಡಮ್ಮ, ಅದರೊಳಗಿದೆ.”

“ದಿನಾ ಬೇಕಾಗೋದನ್ನ ಯಾರಾದರೂ ಡಬ್ಬಿಯೊಳಗೆ ಡಬ್ಬಿ ಇಟ್ಟು ಮುಚ್ಚಿಡ್ತಾರೇನೋ?”

ಅಮ್ಮನ ಅಡುಗೆಮನೆಯಲ್ಲಿ ಸಾಸಿವೆ ಇರುವುದು ಕಾಫಿಪುಡಿಯೆಂದು ಬರೆದ ಡಬ್ಬಿಯಲ್ಲಿ, ಮೆಂತ್ಯ ಇರುವುದು ಯಾವುದೋ ಬಿಸ್ಕತ್ತಿನ ಡಬ್ಬಿಯಲ್ಲಿ. ಕರೆಂಟು ಹೋದ ಕತ್ತಲಿನಲ್ಲಿಯೂ ಒಗ್ಗರಣೆಗೆ ಅವರ ಕೈ ತಪ್ಪಿದ್ದನ್ನು ನಾನು ಕಂಡಿಲ್ಲ. ಚಿತ್ರವೂ ಹೆಸರೂ ಹೊಸಬರಿಗೆ ಬೇಕು. ಬಳಸುವ ಕೈಗೆ ಬೇಕಾದದ್ದು ಜಾಗ. ನಾನು ಕೆಡಿಸಿದ್ದು ಅದನ್ನೇ. ಹಾಗಾಗಿ ಫೋಲ್ಡರುಗಳನ್ನು ಒಡೆದು ಒಂದೊಂದನ್ನೂ ಮೊದಲಿದ್ದ ಕಡೆಗೆ ಸಾಗಿಸುತ್ತ, ಅಮ್ಮ ಪಕ್ಕದಲ್ಲಿ ಕುಳಿತು ಹೇಳಿದಂತೆ ಜೋಡಿಸಿದೆ. ಹಸಿರಿನದರ ಎಡಕ್ಕೆ ಮೊದಲು ಇದ್ದ ದಿಕ್ಸೂಚಿಯ ಐಕಾನು ಉಳಿದುಕೊಂಡಿತು. ಇದು ನಿನಗೆ ಬೇಕಿಲ್ಲವಲ್ಲ, ತೆಗೆದುಬಿಡಲೇ ಎಂದು ಕೇಳಿದರೆ, “ಬೇಡಪ್ಪ, ಅದು ಅಲ್ಲಿದ್ದರೆ ತಾನೆ ಅದರ ಪಕ್ಕದ್ದು ಹಸಿರುದು ಅಂತ ಗೊತ್ತಾಗೋದು” ಎಂದರು.

ಅರಳಿಕಟ್ಟೆಯ ಪಕ್ಕದ ಮನೆ ಎಂದು ವಿಳಾಸ ಹೇಳುವ ಊರಿನವರು ಅವರು. ಆ ದಿಕ್ಸೂಚಿಯನ್ನು ಅಮ್ಮ ಇವತ್ತಿನವರೆಗೆ ಒಮ್ಮೆಯೂ ತೆರೆದು ನೋಡಿಲ್ಲ.